ನಳದ ನೀರಿನ ತನಿಖೆ

ಸವಣೂರಿನ ಮಠದ ಹಿಂದಿನ ಓಣಿಯಲ್ಲಿರುವ ಸುಯಮೀಂದ್ರರಾಯರು ನಿವೃತ್ತರಾಗುವವರೆಗೂ ಒಂದು ವಿಮಾ ಕಂಪನಿಯಲ್ಲಿ ಸತ್ತವರ ಮೇಲೆ ಅನುಮಾನ ಪಡುವ ಕೆಲಸದಲ್ಲಿದ್ದರು. ಇಂಥವರು ತೀರಿಕೊಂಡರು ಎಂದು ಅರ್ಜಿ ಬಂದರೆ, ಅವರು ನಿಜವಾಗಿ ತೀರಿಕೊಂಡಿದ್ದಾರೆಯೇ, ತೀರಿಕೊಂಡಿದ್ದರೆ ಯಾಕೆ ತೀರಿಕೊಂಡರು, ಇನ್ನೂ ಸ್ವಲ್ಪ ದಿನ ತಡೆಯಲು ಅವರಿಗೆ ಏನು ಅಡ್ಡಿಯಿತ್ತು ಎಂಬುದನ್ನೆಲ್ಲ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಎಂದು ಊರೂರು ತಿರುಗಿ ವಿಚಾರಿಸಿ ಬರುವುದು ಅವರ ಪಾಲಿಗೆ ಬಂದಿತ್ತು. ಒಮ್ಮೆ ತಡಸದ ಕ್ರಾಸಿನಲ್ಲಿ ಮಿರ್ಚಿ ತಿನ್ನುತ್ತ ನಿಂತಿದ್ದ ಮೃತನೊಬ್ಬನನ್ನು ಅವರೇ ಗುರುತು ಹಿಡಿದು, ಹೆಸರಿಟ್ಟು ಕರೆದು ಮಾತಾಡಿಸಿದ್ದರು. ಜಗತ್ತಿನಲ್ಲಿ ಯಾವುದೂ ಕಂಡ ಹಾಗೆ ಇರುವುದಿಲ್ಲ ಎಂಬ ಸಿದ್ಧಾಂತಕ್ಕೆ ಅವರು ಬಂದದ್ದು ಆ ದಿನವೇ.

ನಿವೃತ್ತಿಯಾದ ಮೇಲೆ ಸತ್ತವರು ಯಾರೂ ಅವರ ಹತ್ತಿರ ಬರುವುದು ನಿಂತುಹೋಯಿತು. ಹೀಗಾಗಿ ಬದುಕಿದ್ದವರ ಮೇಲೆ ಅನುಮಾನ ಪಡುವುದು ಅನಿವಾರ್ಯವಾಯಿತು. ಹಾಲಿನವನ ಹಾಲು, ಕಾಯಿಪಲ್ಲೆಯವಳ ತಕ್ಕಡಿ, ಕರೆಂಟಿನ ಮೀಟರು, ಎಲ್ಲವೂ ಅವರ ಕೈಕೆಳಗೆ ಹಾಯ್ದೇ ಮುಂದೆ ಹೋಗಬೇಕಾಗಿತ್ತು. ಪಂಚಾಂಗದಲ್ಲಿ ಏಕಾದಶಿ ಸ್ವಲ್ಪ ಹಿಂದೆ ಮುಂದೆ ಬಂದರೂ ಮಠಕ್ಕೆ ಹೋಗಿ, ಇದಕ್ಕೆ ಕಾರಣವೇನು ಎಂದು ಕೇಳಿ ಬರುತ್ತಿದ್ದರು. ಅವರ ಹೆಂಡತಿ ಪ್ರಿಯಂವದಾಬಾಯಿ ಇದನ್ನೆಲ್ಲ ಗಂಡಸರಿಗೆ ವಯಸ್ಸಾದಾಗ ಬರುವ ಮೊಣಕಾಲು ನೋವಿನ ಲೆಕ್ಕದಲ್ಲಿ ಇಟ್ಟುಕೊಂಡು ಸುಮ್ಮನಿದ್ದರು.

ಈ ಮಳೆಗಾಲದಲ್ಲಿ ಮಗಳು ಸುಮೇಧಾ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಕೂಸು ಗಂಡು, ಇನ್ನೂ ಕುತ್ತಿಗೆ ನಿಂತಿರಲಿಲ್ಲ. ಎದೆಹಾಲು ಸಾಲದೆ ಪುಡಿಹಾಲು ಕೊಡಬೇಕಾಗಿ ಬಂತು. ಹಾವೇರಿಯ ಮಕ್ಕಳ ಡಾಕ್ಟರು ಪುಡಿ ಬರೆದುಕೊಟ್ಟು, ಯಾವ ನೀರಿನಲ್ಲಿ ಕಲಸುತ್ತೀರಿ ಎಂದು ಕೇಳಿದರು. ನಳದ ನೀರು, ಚೆನ್ನಾಗಿ ಕುದಿಸುತ್ತೇವೆ ಎಂದು ರಾಯರು ಹೆಮ್ಮೆಯಿಂದ ಹೇಳಿದರು. ಬೋರಿನ ನೀರಾದರೆ ಅದರಲ್ಲಿ ನೈಟ್ರೇಟ್ ಇರಬಹುದು, ದೊಡ್ಡವರಿಗೆ ಅಷ್ಟೇನೂ ತೊಂದರೆಯಿಲ್ಲ, ಆದರೆ ಎಳೆಗೂಸಿನ ರಕ್ತಕ್ಕೆ ಅದು ಬಹಳ ಕೆಟ್ಟದ್ದು, ಮೈ ನೀಲಿಗಟ್ಟಿ ಜೀವಕ್ಕೇ ಕುತ್ತು ಬರಬಹುದು, ಕುದಿಸಿದರೆ ಅದು ಹೋಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ, ಒಮ್ಮೆ ಪರೀಕ್ಷೆ ಮಾಡಿಸಿಬಿಡಿ ಎಂದು ಡಾಕ್ಟರು ಹೇಳಿದರು. ಅದು ನೀರಿಗೆ ಎಲ್ಲೆಲ್ಲಿಂದ ಬಂದು ಸೇರುತ್ತದೆ ಎಂಬುದನ್ನೂ ಹೇಳಿದರು. ಆದರೆ ಆ ಭಾಗ ರಾಯರ ಕಿವಿಗೆ ಬೀಳಲಿಲ್ಲ. ಯಾರು ಸೇರಿಸುತ್ತಾರೆ ಎಂದು ಯೋಚಿಸುವುದರಲ್ಲಿ ಅವರು ಆಗಲೇ ಮುಳುಗಿದ್ದರು.

ಶಿಗ್ಗಾಂವಿಯಲ್ಲಿ ಔಷಧಿ ಅಂಗಡಿ ಇಟ್ಟ ಹಳೇ ಪರಿಚಯದವರೊಬ್ಬರಿಂದ ರಾಯರು ನೀರು ಪರೀಕ್ಷಿಸುವ ಕಾಗದದ ಪಟ್ಟಿಗಳ ಡಬ್ಬಿ ತರಿಸಿದರು. ಪಟ್ಟಿಯನ್ನು ನೀರಿನಲ್ಲಿ ಅದ್ದಿ ಸ್ವಲ್ಪ ಹೊತ್ತು ತಡೆದರೆ ತುದಿಯ ಚೌಕ ಬಣ್ಣ ತಿರುಗುತ್ತದೆ. ಬಿಳಿಯಾಗಿ ಉಳಿದರೆ ಒಳ್ಳೆಯದು, ಗುಲಾಬಿಯಾದಷ್ಟೂ ಕೆಟ್ಟದ್ದು. ನಳದ ನೀರಿನಲ್ಲಿ ಅದ್ದಿದ್ದು ಮದುಮಗಳ ಸೀರೆಯ ಅಂಚಿನ ಹಾಗೆ ಗುಲಾಬಿಯಾಗಿ ಎದ್ದುಬಂತು.

ಕೂಸಿಗೆಂದು ಅಂಗಡಿಯಿಂದ ಬಾಟಲಿ ನೀರು ತರಿಸಿಟ್ಟು, ಕೂಡಲೇ ಅವರು ವಾರ್ಡಿನ ಪುರಸಭೆ ಸದಸ್ಯ ಅಲ್ತಾಫನಿಗೆ ಫೋನು ಮಾಡಿ, ನಮ್ಮ ಓಣಿಯ ನೀರಿನಲ್ಲಿ ನೈಟ್ರೇಟ್ ಹೆಚ್ಚಾಗಿದೆ, ಇದಕ್ಕೆ ನೀವೇ ಹೊಣೆ ಎಂದರು. ಅಲ್ತಾಫ ವಿನಯದಿಂದಲೇ, ನಾವು ಡೇ ರೇಟನ್ನೂ ಹೆಚ್ಚು ಮಾಡಿಲ್ಲ, ನೈಟ್ ರೇಟನ್ನೂ ಹೆಚ್ಚು ಮಾಡಿಲ್ಲ, ಯಾರೋ ಸುಳ್ಳು ಸುದ್ದಿ ಹಬ್ಬಿಸಿದ್ದಾರೆ ಎಂದು ಫೋನಿಟ್ಟ. ಈತ ಯಾರನ್ನೋ ಉಳಿಸಲು ನೋಡುತ್ತಿದ್ದಾನೆ ಎಂದು ರಾಯರು ತೀರ್ಮಾನಿಸಿದರು. ನೀರು ಪರೀಕ್ಷಿಸುವ ಸರಕಾರಿ ಲ್ಯಾಬಿಗೂ ಫೋನು ಮಾಡಿ, ಅಪರಾಧಿಯನ್ನು ನಾನು ಹಿಡಿದಿಡುತ್ತೇನೆ, ನೀವು ಬಂದು ಸಾಬೀತು ಮಾಡಿದರೆ ಸಾಕು ಎಂದು ತಿಳಿಸಿದರು.

ಅಪರಾಧಿಯನ್ನು ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಓಣಿಗೆಲ್ಲ ನೀರು ಕೊಡುವ ಬೋರು ರಾಯರ ಹಿತ್ತಲ ಗೋಡೆಗೆ ಹತ್ತಿಕೊಂಡೇ ಇತ್ತು. ಅದರ ಆಚೆ ಬದಿಗೆ ಗೋಣೆಪ್ಪನ ವೀಳ್ಯದೆಲೆ ತೋಟ. ಗೋಣೆಪ್ಪ ತೋಟಕ್ಕೆ ಯೂರಿಯಾ ಹಾಕುತ್ತಿದ್ದ, ತೋಟದ ಮೂಲೆಯಲ್ಲಿ ತಿಪ್ಪೆ ಇತ್ತು, ಮೇಲಾಗಿ ಎದುರಿಗೆ ಸಿಕ್ಕಾಗಲೆಲ್ಲ ಕಾರಣವಿಲ್ಲದೆ ನಗುತ್ತಿದ್ದ. ತನಿಖೆಯ ಅನುಭವವಿದ್ದವರಿಗೆ ಇಷ್ಟು ಸಾಕಾಗಿತ್ತು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ರಾಯರು ಪ್ಲಾಸ್ಟಿಕ್ ಬಾಟಲಿ ಹಿಡಿದು, ಕೆಸರಾಗಬಾರದೆಂದು ಧೋತರ ಮೇಲೆತ್ತಿ ಕಟ್ಟಿ, ಬೇಲಿ ದಾಟಿ ಗೋಣೆಪ್ಪನ ತೋಟಕ್ಕೆ ಇಳಿದರು. ಹಿಂದಿನ ದಿನದ ಮಳೆಗೆ ತಿಪ್ಪೆಯ ಬುಡದಿಂದ ಕಂದು ನೀರು ಸಣ್ಣಗೆ ಹರಿಯುತ್ತಿತ್ತು. ಸಾಕ್ಷಿಗೆಂದು ನುಗ್ಗೆ ಗಿಡದ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಬಾಟಲಿ ತುಂಬಿಕೊಳ್ಳುತ್ತಿದ್ದಾಗ ಗೋಣೆಪ್ಪನ ಹೆಂಡತಿ ಸಾವಂತ್ರವ್ವ ಸಗಣಿ ಬುಟ್ಟಿ ಹೊತ್ತು ಬಂದಳು.

ಬೆಳಗಿನ ಹೊತ್ತು, ಗಿಡದ ಮರೆ, ಮೇಲೆತ್ತಿದ ಧೋತರ, ಕೈಯಲ್ಲಿ ನೀರಿನ ಬಾಟಲಿ. ಸಾವಂತ್ರವ್ವ ತಿಳಿದ ಹೆಂಗಸು. ತಟ್ಟನೆ ಬೆನ್ನು ತಿರುಗಿಸಿ ನಿಂತು, ಒಮ್ಮೆ ಕೆಮ್ಮಿ, ಅಲ್ಲಿ ಇಲ್ಲದ ಎಮ್ಮೆಯೊಂದನ್ನು ಗಟ್ಟಿಯಾಗಿ ಬಯ್ಯತೊಡಗಿದಳು. ಆರೋಪಿಯ ಹೆಂಡತಿಯ ಕೈಗೆ ಸಿಕ್ಕಿಬಿದ್ದೆನೆಂದು ರಾಯರು ಬೇಲಿಯ ಮಗ್ಗುಲಲ್ಲಿ ಬಗ್ಗಿ ಬಗ್ಗಿ ಓಡಿದರು. ಅವಳಿಗೆ ಏನಾದರೂ ಸಣ್ಣ ಸಂಶಯ ಉಳಿದಿದ್ದರೆ ಅದೂ ಅಲ್ಲಿಗೆ ತೀರಿತು.

ಸಾವಂತ್ರವ್ವನಿಗೆ ಸಿಟ್ಟು ಬರಲಿಲ್ಲ, ಮರುಕ ಬಂತು. ಅಷ್ಟು ದೊಡ್ಡ ಸಾಹೇಬರು, ಮನೆಯಲ್ಲಿ ಬಾಣಂತಿ, ಪಾಯಖಾನೆ ತುಂಬಿ ನಿಂತಿರಬೇಕು, ಹೇಳಿಕೊಳ್ಳಲು ನಾಚಿಕೆ ಪಟ್ಟು ಹೀಗೆ ಒದ್ದಾಡುತ್ತಿದ್ದಾರೆ ಎಂದು ಮನೆಮನೆಗೆ ಹೂವು ಕೊಡುವ ಹುಚ್ಚವ್ವನ ಮುಂದೆ ಹೇಳಿದಳು. ಯಾರ ಮುಂದೆಯೂ ಹೇಳಬೇಡವೆಂದೂ ಹೇಳಿದಳು. ಹುಚ್ಚವ್ವನ ಬುಟ್ಟಿಯ ಹೂವು ಖಾಲಿಯಾಗುವ ಹೊತ್ತಿಗೆ ಸುದ್ದಿ ಓಣಿಯ ಕೊನೆಯ ಮನೆ ಮುಟ್ಟಿತ್ತು. ಆ ದಿನವೆಲ್ಲ ಜನ ರಾಯರನ್ನು ಕಂಡ ಕೂಡಲೇ ಮಾತು ನಿಲ್ಲಿಸಿ, ಕರುಣೆಯಿಂದ ನೋಡತೊಡಗಿದರು. ಇಡೀ ಓಣಿಯೇ ಗೋಣೆಪ್ಪನ ಜೊತೆ ಶಾಮೀಲಾಗಿದೆ ಎಂಬುದು ಆಗ ರಾಯರಿಗೆ ಖಾತ್ರಿಯಾಯಿತು.

ಸಂಜೆ ಗೋಣೆಪ್ಪ ಒಂದು ಕಟ್ಟು ಎಲೆ ಹಿಡಿದುಕೊಂಡು ತಾನೇ ಬಂದ. ಅಪರಾಧಿ ಕಾಣಿಕೆ ಹಿಡಿದು ತಾನಾಗಿ ಬರುವುದು ರಾಯರಿಗೆ ಹೊಸದೇನಲ್ಲ. ಕಟ್ಟೆಯ ಮೇಲೆ ಕೂಡಿಸಿಕೊಂಡು, ಅವನೇ ಬಾಯಿ ಬಿಡಲೆಂದು ಕಾದರು. ಗೋಣೆಪ್ಪ ಬಹಳ ಹೊತ್ತು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, ಆಮೇಲೆ ದನಿ ತಗ್ಗಿಸಿ ಶುರುಮಾಡಿದ.

"ಸಾಹೇಬ್ರ, ವಿಷಯಾ ನನಗ ಗೊತ್ತಾತ್ರಿ. ಮುಚ್ಚಿಟ್ಕೋಬ್ಯಾಡ್ರಿ."

"ಮುಚ್ಚಿಡೋದು ನನ್ನ ಸ್ವಭಾವದಾಗ ಇಲ್ಲ ಗೋಣೆಪ್ಪ. ನೀ ಬಾಯಿ ಬಿಡ್ತೀಯೇನು ಅಂತ ನೋಡ್ಲಿಕತ್ತಿದ್ದೆ."

"ತುಂಬಿ ಭಾಳ ದಿನಾ ಆತೇನ್ರಿ?"

"ನನಗ ನಿನ್ನೆ ಗೊತ್ತಾತು. ಯಾರಿಂದ ತುಂಬ್ಯದ ಅನ್ನೋದೂ ಗೊತ್ತದ."

ಗೋಣೆಪ್ಪ ಸ್ವಲ್ಪ ಗಾಬರಿಯಾದ. "ಯಾರಿಂದ ಅಂದ್ರ ಏನ್ರಿ ಸಾಹೇಬ್ರ, ಮನಿ ಮಂದಿಯಿಂದನ ತುಂಬತೈತಿ. ಹೊರಗಿನವ್ರು ಯಾರ ಬರ್ತಾರ್ರಿ ಅದಕ್ಕ?"

"ಅಂದ್ರ ನಿಮ್ಮ ಮನಿ ಮಂದಿ ಎಲ್ಲಾರೂ ಸೇರೇ ಮಾಡೀರಿ ಅಂದಂಗಾತು."

ತಮ್ಮ ಮನೆಯ ಮಂದಿ ಇವರ ಪಾಯಖಾನೆಗೆ ಯಾವತ್ತು ಬಂದಿದ್ದರು ಎಂದು ಗೋಣೆಪ್ಪನಿಗೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ದುಃಖದಲ್ಲಿದ್ದವರ ಮಾತಿಗೆ ಎದುರಾಡಬಾರದೆಂದು, ನಾಳೆಯೇ ಅಲ್ತಾಫನಿಗೆ ಹೇಳಿ ವ್ಯವಸ್ಥೆ ಮಾಡಿಸುತ್ತೇನೆ, ಅಲ್ಲಿಯವರೆಗೆ ನಮ್ಮ ಮನೆಯದನ್ನೇ ಬಳಸಿರಿ, ತೋಟಕ್ಕೆ ಮಾತ್ರ ಹೋಗಬೇಡಿರಿ, ಅಲ್ಲಿ ಹುಳಹುಪ್ಪಡಿ ಬಹಳ ಎಂದು ಹೇಳಿ ಎದ್ದ. ತೋಟಕ್ಕೆ ಹೋಗಬೇಡಿ ಎಂಬ ಮಾತನ್ನು ರಾಯರು ಮನಸ್ಸಿನಲ್ಲೇ ಎರಡು ಸಲ ಗೆರೆ ಎಳೆದು ಇಟ್ಟುಕೊಂಡರು.

ಮರುದಿನ ಬೆಳಿಗ್ಗೆ ರಾಯರ ಮನೆಯ ಮುಂದೆ ಮೂರು ಗಾಡಿ ನಿಂತವು. ಮೊದಲು ಬಂದದ್ದು ಅಲ್ತಾಫ ಕಳಿಸಿದ, ಪಾಯಖಾನೆಯ ಗುಂಡಿ ಎಳೆಯುವ ಮಷೀನಿನ ಗಾಡಿ. ಅದು ಓಣಿಯೊಳಗೆ ತಿರುಗಲಾರದೆ ಅಡ್ಡಗಟ್ಟಿ ನಿಂತಿದ್ದಾಗ ಅದರ ಹಿಂದೆಯೇ ಹಾನಗಲ್ಲಿನಿಂದ ಬೀಗಿತ್ತಿಯ ಕಾರು ಬಂತು. ಅಳಿಯ ಶ್ರೀರಾಮನ ತಾಯಿ ಭಾಗೀರಥಿಬಾಯಿ ಮಡಿ, ಮಾತು ಎರಡರಲ್ಲೂ ಬಿರುಸಿನವರು. ಸವಣೂರಿನ ನೀರು ಸರಿಯಿಲ್ಲವೆಂದು ಸೊಸೆಯ ಬಾಯಿಂದ ಫೋನಿನಲ್ಲಿ ಕೇಳಿ, ತಮ್ಮ ಮನೆಯ ಬಾವಿಯ ನೀರನ್ನು ತಾವೇ ಮಡಿಯಲ್ಲಿ ಸೇದಿ, ಕ್ಯಾನು ತುಂಬಿಸಿಕೊಂಡು ಮಗನ ಜೊತೆ ಹೊರಟುಬಂದಿದ್ದರು. ಮೂರನೆಯದು ಒಂದು ಸ್ಕೂಟರ್. ಅದರ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಬಂದವಳು ನೀರಿನ ಲ್ಯಾಬಿನ ನುಜಹತ.

ರಾಯರು ಮಷೀನಿನ ಗಾಡಿಯವನನ್ನು ಬಾಗಿಲಲ್ಲೇ ತಡೆದರು. ನಮ್ಮ ಗುಂಡಿ ತುಂಬಿದೆ ಎಂದು ಹೇಳಿದವರು ಯಾರು ಎಂದು ಕೇಳಿದರು. ಓಣಿಯ ಜನ ಗೋಣೆಪ್ಪನನ್ನು ನೋಡಿದರು, ಗೋಣೆಪ್ಪ ಹೆಂಡತಿಯನ್ನು ನೋಡಿದ, ಸಾವಂತ್ರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನುಗ್ಗೆ ಗಿಡದ ಕಡೆ ನೋಡಿದಳು. ತಾವು ಗಿಡದ ಮರೆಯಲ್ಲಿ ಏನು ಮಾಡುತ್ತಿದ್ದೆವೆಂದು ಓಣಿ ತಿಳಿದುಕೊಂಡಿದೆ ಎಂಬುದು ರಾಯರಿಗೆ ಆಗ ಹೊಳೆಯಿತು. ಬೀಗಿತ್ತಿ ಕಾರಿನಿಂದ ಇಳಿದು ಮೂಗಿಗೆ ಸೆರಗು ಹಿಡಿದು ನಿಂತಿದ್ದರು. ಮಾನ ಉಳಿಸಿಕೊಳ್ಳಲು ಒಂದೇ ದಾರಿ ಉಳಿದಿತ್ತು. ರಾಯರು ಎಲ್ಲರಿಗೂ ಕೇಳುವಂತೆ ಘೋಷಿಸಿದರು.

"ನಮ್ಮ ಗುಂಡಿ ಮನಿ ಕಟ್ಟಿಸಿದಾಗಿಂದ ಒಮ್ಮೆನೂ ತುಂಬಿಲ್ಲ. ಒಮ್ಮೆನೂ ತಗಸಿಲ್ಲ. ಹಂಗ ಕಟ್ಟಿಸೇನಿ ನಾನು."

ಪೆಟ್ಟಿಗೆ ಇಳಿಸುತ್ತಿದ್ದ ನುಜಹತ ತಲೆ ಎತ್ತಿ ಮೆಲ್ಲಗೆ ಕೇಳಿದಳು.

"ಹಂಗಾರ ಇಷ್ಟ ವರ್ಷದ್ದೆಲ್ಲಾ ಎಲ್ಲಿಗೆ ಹೋತ್ರಿ ಸರ್?"

ಯಾರ ಹೆಣದ ಮುಂದಾದರೂ ನಿಂತು ಇಂಥ ಪ್ರಶ್ನೆ ಕೇಳಬಲ್ಲವರಾಗಿದ್ದ ಸುಯಮೀಂದ್ರರಾಯರು ತಮ್ಮ ಗುಂಡಿಯನ್ನು ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ಓಣಿಯ ತಲೆಗಳೆಲ್ಲ ಒಂದೊಂದಾಗಿ ಹಿತ್ತಲ ಗೋಡೆಯ ಕಡೆಗೆ ತಿರುಗಿದವು. ಗೋಡೆಯ ಆಚೆ ಬೋರಿನ ಮೋಟರು ತನ್ನ ಪಾಡಿಗೆ ತಾನು ಗುಂಯ್‌ಗುಡುತ್ತಿತ್ತು.

ಮುಚ್ಚಳ ತೆಗೆಸಿ ನೋಡಿದಾಗ ಗುಂಡಿಗೆ ತಳವೇ ಇರಲಿಲ್ಲ. ಕಟ್ಟಿದ ಗವಂಡಿ ಸುತ್ತಲಿನ ಗೋಡೆಗೆ ಸಿಮೆಂಟಿನ ಗಿಲಾಯಿ ಮಾಡಿ, ತಳವನ್ನು ದೇವರಿಗೆ ಬಿಟ್ಟಿದ್ದ. ನುಜಹತ ಬೋರಿನ ನೀರು ಹಿಡಿದು ಪರೀಕ್ಷೆ ಮಾಡಿ, ಈ ನೀರು ಕೂಸಿಗೆ ಬೇಡವೇ ಬೇಡ ಎಂದಳು. ಹಾಗಾದರೆ ಎಲ್ಲ ತಪ್ಪೂ ಸಾಹೇಬರದೇ ಏನು ಎಂದು ಗೋಣೆಪ್ಪ ಸ್ವಲ್ಪ ಆಸೆಯಿಂದಲೇ ಕೇಳಿದ. ಅವಳು ಅವನ ತೋಟದ ಕಡೆಗೂ ಹೋಗಿ ಬಂದಳು. ಯೂರಿಯಾ ಚೆಲ್ಲಿದ ಮೇಲೆ ಜೋರು ಮಳೆ ಬಂದರೆ ಅರ್ಧ ಗೊಬ್ಬರ ಬೆಳೆಗೆ ಸಿಗದೆ ಕೆಳಗಿಳಿಯುತ್ತದೆ ಎಂದಳು. ತಿಪ್ಪೆಯ ರಸವೂ ಇಳಿಯುತ್ತದೆ, ಬೋರಿನ ಕೊಳವೆ ಮೇಲ್ಗಡೆ ಒಡೆದಿರುವುದರಿಂದ ಎಲ್ಲವೂ ಸಲೀಸಾಗಿ ಒಳಗೆ ಹೋಗುತ್ತಿವೆ ಎಂದಳು.

"ಯಾರ ಪಾಲು ಎಷ್ಟು ಅಂತ ನೀರು ಹೇಳೂದಿಲ್ಲರಿ. ಎಲ್ಲಾರದೂ ಐತಿ," ಎಂದು ಹೇಳಿ, ಬಸ್‌ಸ್ಟ್ಯಾಂಡಿನ ಹತ್ತಿರದ ಶುದ್ಧ ನೀರಿನ ಘಟಕದಿಂದ ತಂದು ಕೂಸಿಗೆ ಕೊಡಿರಿ, ಅಲ್ಲಿಯ ಯಂತ್ರದಲ್ಲಿ ಇದು ಸೋಸಿಹೋಗುತ್ತದೆ ಎಂದು ಸ್ಕೂಟರ್ ಹತ್ತಿದಳು.

ಭಾಗೀರಥಿಬಾಯಿ ಅಡ್ಡಬಂದರು. ಬಸ್‌ಸ್ಟ್ಯಾಂಡಿನ ನೀರು ಯಾಕೆ, ಹಾನಗಲ್ಲಿನ ನೀರು ಇರುವಾಗ ಎಂದರು. ಅವರ ಮಾವನವರ ಕಾಲದ ಬಾವಿ, ಆ ನೀರು ಕುಡಿದವರು ಯಾರೂ ಮುಪ್ಪಿಗೆ ಮೊದಲು ಹೋಗಿಲ್ಲ, ಊರಿನ ಶಾಸ್ತ್ರಿಗಳು ತೀರ್ಥಕ್ಕೂ ಅದನ್ನೇ ಒಯ್ಯುತ್ತಾರೆ, ಕೂಸಿಗೆ ಇನ್ನು ಅದೇ ನೀರು, ಇನ್ನು ಸ್ವಲ್ಪ ದಿನಕ್ಕೆ ಬಾಣಂತಿಯನ್ನೂ ಕೂಸನ್ನೂ ಹಾನಗಲ್ಲಿಗೇ ಕರೆದೊಯ್ಯುವುದು ಒಳ್ಳೆಯದು ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಶ್ರೀರಾಮ ಕ್ಯಾನುಗಳನ್ನು ಅಡುಗೆಮನೆಗೆ ಸಾಗಿಸಿದ. ರಾಯರು ತಳವಿಲ್ಲದ ಗುಂಡಿಯ ಯಜಮಾನರಾಗಿದ್ದರಿಂದ ಅವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಮಧ್ಯಾಹ್ನ ಊಟವಾಗಿ ಎಲ್ಲರೂ ಅಡ್ಡಾಗಿದ್ದರು. ರಾಯರಿಗೆ ನಿದ್ದೆ ಬರಲಿಲ್ಲ. ಬೀಗಿತ್ತಿಯ ಮೇಲೆ ಅನುಮಾನ ಪಡುವುದು ಮರ್ಯಾದೆಯಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಇದು ಅನುಮಾನವಲ್ಲ, ಬರೇ ಖಾತ್ರಿ ಮಾಡಿಕೊಳ್ಳುವುದು ಎಂದೂ ಹೇಳಿಕೊಂಡರು. ಅಡುಗೆಮನೆಗೆ ಹೋಗಿ, ಕ್ಯಾನಿನ ಮುಚ್ಚಳ ತೆಗೆದು ಪಟ್ಟಿ ಅದ್ದಿದರು.

ನಳದ ನೀರಿಗೆ ಗುಲಾಬಿಯಾಗಿದ್ದ ಪಟ್ಟಿ ಹಾನಗಲ್ಲಿನ ನೀರಿಗೆ ಬೀಟ್‌ರೂಟ್ ಪಲ್ಲೆಯ ಬಣ್ಣಕ್ಕೆ ತಿರುಗಿತು. ಬೀಗಿತ್ತಿ ಕೂಸಿಗೆಂದು ಕುದಿಸಿಟ್ಟ ನೀರಿನಲ್ಲೂ ಇನ್ನೊಂದು ಪಟ್ಟಿ ಅದ್ದಿದರು. ಅದೂ ಹಾಗೆಯೇ ಆಯಿತು.

ರಾಯರು ಹೋಗಿ ಹೆಂಡತಿಯನ್ನು ಎಬ್ಬಿಸಿದರು. ಪ್ರಿಯಂವದಾಬಾಯಿ ಎದ್ದು ಕುಳಿತು, ಪಟ್ಟಿ ನೋಡಿ, ಕೈಮುಗಿದರು. ಬೆಳಿಗ್ಗೆ ಗೋಣೆಪ್ಪನ ಮೇಲೆ ಹಾಕಲು ಹೋದದ್ದು ನಮ್ಮ ಹಿತ್ತಲಿಗೇ ಬಂತು, ಈಗ ಅದನ್ನು ಬೀಗಿತ್ತಿಯ ಬಾವಿಗೆ ಹಾಕಲು ಹೋದರೆ ಯಾರು ನಂಬುತ್ತಾರೆ, ಸೇಡು ತೀರಿಸಿಕೊಳ್ಳುತ್ತಿದ್ದಾರೆ ಅನ್ನುತ್ತಾರೆ, ಮಗಳು ಆ ಮನೆಯಲ್ಲಿ ಬಾಳಬೇಕು ಎಂದರು. ಅಷ್ಟು ಹೇಳಿದ ಮೇಲೆ ಅವರ ಕಣ್ಣೂ ಕೂಸಿನ ತೊಟ್ಟಿಲ ಕಡೆ ಹೋಯಿತು.

ಅಷ್ಟರಲ್ಲಿ ಕೂಸು ಎದ್ದು ಅಳತೊಡಗಿತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ಭಾಗೀರಥಿಬಾಯಿ ಆಗಲೇ ಎದ್ದು, ಬೆಳಿಗ್ಗೆ ಕುದಿಸಿಟ್ಟ ತಮ್ಮ ಬಾವಿಯ ನೀರನ್ನು ಲೋಟಕ್ಕೆ ಸುರಿದು ಪುಡಿಯ ಡಬ್ಬಿ ಬಿಚ್ಚುತ್ತಿದ್ದರು. ಸುಮೇಧಾ ಕೂಸನ್ನೆತ್ತಿಕೊಂಡು ಪಕ್ಕದಲ್ಲಿ ನಿಂತಿದ್ದಳು.

ರಾಯರು ಬಾಗಿಲಿಗೆ ಬಂದರು. ಎಷ್ಟೋ ಮನೆಗಳ ಬಾಗಿಲಲ್ಲಿ ನಿಂತು, ನಿಮ್ಮ ಯಜಮಾನರ ಅರ್ಜಿ ತಿರಸ್ಕೃತವಾಗಿದೆ ಎಂದು ದನಿ ನಡುಗದೆ ಹೇಳಿ ಬಂದವರಿಗೆ ಈಗ ನಾಲಿಗೆ ಏಳಲಿಲ್ಲ. ಕೂಸು ಬಾಯಿ ತೆರೆದು ಅಳುತ್ತಿತ್ತು. ಅವರು ಒಳಗೆ ಹೋಗಿ ಲೋಟದ ಮೇಲೆ ಅಂಗೈ ಮುಚ್ಚಿ ಹಿಡಿದರು.

"ಈ ನೀರು ಬ್ಯಾಡ್ರಿ. ನಿಮ್ಮ ಕ್ಯಾನಿನ್ಯಾಗೂ ಇದರಾಗೂ ನಾ ಕೈ ಹಾಕೇನಿ."

ಯಾಕೆ ಹಾಕಿದೆ ಎಂಬುದನ್ನು ಅದರ ಮುಂದೆ ಹೇಳಬೇಕೆಂದು ಅವರು ಇನ್ನೊಂದು ಕೈಯಲ್ಲಿದ್ದ ಪಟ್ಟಿಗಳನ್ನು ಮೇಲೆತ್ತಿದ್ದರು. ಭಾಗೀರಥಿಬಾಯಿ ಆ ಕೈಯನ್ನು ನೋಡಿದರು, ರಾಯರ ಮುಖ ನೋಡಿದರು, ಕೂಸನ್ನು ನೋಡಿದರು. ಆಮೇಲೆ ಅವರ ದನಿ ಬೀದಿಯವರೆಗೆ ಹೋಯಿತು. ಮಡಿಯಲ್ಲಿ ತಂದ ನೀರು, ಗುಂಡಿಯ ಮುಚ್ಚಳ ಮುಟ್ಟಿದ ಕೈ, ಆಚಾರದ ಮನೆತನ ಎಂದು ನಂಬಿ ಹೆಣ್ಣು ತಂದುಕೊಂಡೆವಲ್ಲ ಎಂದು ಅವರು ಆಡಿದ ಮಾತುಗಳಲ್ಲಿ ಅರ್ಧವನ್ನು ಹುಚ್ಚವ್ವ ಹೊರಗೆ ನಿಂತು ಕೇಳಿಸಿಕೊಂಡಳು, ಉಳಿದರ್ಧವನ್ನು ತಾನೇ ಸೇರಿಸಿಕೊಂಡಳು. ರಾಯರು ಬಾಯಿ ತೆರೆದಾಗಲೆಲ್ಲ ಅವರು ಇನ್ನೂ ಜೋರಾದರು. ಲೋಟದ ನೀರನ್ನು ಮೋರಿಗೆ ಚೆಲ್ಲಿ, ಮಗನನ್ನು ಕರೆದು ಕ್ಯಾನುಗಳನ್ನು ಒಂದೂ ಬಿಡದೆ ಅಂಗಳಕ್ಕೆ ಹೊರಿಸಿ, ತಾವೇ ನಿಂತು ಬೋರಲು ಹಾಕಿಸಿದರು. ರಾಯರು ತಲೆ ತಗ್ಗಿಸಿ ನಿಂತಿದ್ದರು. ಮೈಲಿಗೆಯ ಅಪವಾದ ಬಂದರೂ ಕೂಸು ಬದುಕಿತಲ್ಲ ಎಂದು ಅವರಿಗೆ ಒಳಗೊಳಗೆ ಕಣ್ಣು ಮಂಜಾಯಿತು.

ಗದ್ದಲ ಕೇಳಿ ಓಡಿಬಂದಿದ್ದ ಗೋಣೆಪ್ಪ, ಬೈಕಿನ ಮೇಲೆ ಹೋಗಿ ಬಸ್‌ಸ್ಟ್ಯಾಂಡಿನ ಘಟಕದಿಂದ ನೀರು ತಂದುಕೊಟ್ಟ. ಭಾಗೀರಥಿಬಾಯಿ ಅದನ್ನು ಕುದಿಸಿ, ಆರಿಸಿ, ಪುಡಿ ಕಲಸಿ, ತಾವೇ ಮೊಮ್ಮಗನಿಗೆ ಕುಡಿಸಿದರು. ಇಡೀ ಊರು ನಾಣ್ಯ ಹಾಕಿ ಹಿಡಿದುಕೊಳ್ಳುವ ನೀರು ಮಡಿಗೆ ಹೇಗೆ ಬಂತು ಎಂದು ಪ್ರಿಯಂವದಾಬಾಯಿ ಅಂಜುತ್ತ ಕೇಳಿದ್ದಕ್ಕೆ, ಯಂತ್ರದಿಂದ ಬಿದ್ದ ನೀರಿಗೆ ಮೈಲಿಗೆ ತಟ್ಟುವುದಿಲ್ಲ ಎಂದರು. ಅಂಥ ಶಾಸ್ತ್ರ ಯಾವುದರಲ್ಲಿದೆ ಎಂದು ಕೇಳಬೇಕಾಗಿದ್ದ ರಾಯರು ಕೇಳಲಿಲ್ಲ. ಬಾಣಂತಿಯನ್ನು ಹಾನಗಲ್ಲಿಗೆ ಕರೆದೊಯ್ಯುವ ಮಾತೂ ಆ ಮೇಲೆ ಬರಲಿಲ್ಲ. ಹಾನಗಲ್ಲಿನ ಮನೆಗೆ ಸುಣ್ಣ ಹೊಡೆಸುವುದಿದೆ, ಕೂಸು ಇನ್ನೂ ಕೆಲವು ತಿಂಗಳು ಇಲ್ಲೇ ಇರಲಿ ಎಂದು ಬೀಗಿತ್ತಿಯೇ ಹೇಳಿದರು. ರಾಯರು ಅದನ್ನೂ ಸುಮ್ಮನೆ ನಂಬಿದರು.

ಇಳಿಹೊತ್ತಿಗೆ ಬೀಗರು ಹೊರಟುನಿಂತರು. ಶ್ರೀರಾಮ ಖಾಲಿ ಕ್ಯಾನುಗಳನ್ನು ಡಿಕ್ಕಿಯಲ್ಲಿ ಜೋಡಿಸುತ್ತಿದ್ದ. ಪ್ರಿಯಂವದಾಬಾಯಿ ಕುಂಕುಮದ ಬಟ್ಟಲು ತರಲು ಒಳಗೆ ಹೋಗಿದ್ದರು. ರಾಯರು ಕಾರಿನ ಬಾಗಿಲು ಹಿಡಿದು, ಮಡಿಯ ವಿಷಯದಲ್ಲಿ ನನ್ನಿಂದ ತಪ್ಪಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ಕೇಳಿಕೊಂಡರು.

ಭಾಗೀರಥಿಬಾಯಿ ಒಮ್ಮೆ ಮಗನ ಕಡೆ ನೋಡಿ, ಅವನು ದೂರವಿದ್ದಾನೆಂದು ಖಾತ್ರಿ ಮಾಡಿಕೊಂಡರು.

"ರಾಯರ, ನಿಮ್ಮ ಕೈಯಾಗಿನ ಕಾಗದದ ಬಣ್ಣಾ ನನಗೂ ಕಂಡದ. ನಮ್ಮ ಬಾವಿ ಮಗ್ಗಲಕ್ಕ ದನದ ಕೊಟ್ಟಿಗಿ ಅದ. ಅದನ್ನ ನಾ ಸರಿ ಮಾಡಸ್ತೇನಿ. ನೀವು ಶ್ರೀರಾಮಗ ಹೇಳ್ಲಿಕ್ಕೆ ಹೋಗಬ್ಯಾಡ್ರಿ."

"ಅಂದ್ರ ಮಡಿ ಅಂತ ನೀವು ಅಷ್ಟು..."

"ಮತ್ತ ಏನಂತ ಚೆಲ್ಲಬೇಕಿತ್ರಿ, ಸೊಸಿ ಮುಂದ?"

ಹೀಗೆಂದು ಸೆರಗು ಸರಿಮಾಡಿಕೊಂಡು ಕಾರಿನಲ್ಲಿ ಕುಳಿತು, ಮತ್ತೆ ಸಿಟ್ಟಿನ ಮುಖ ಮಾಡಿಕೊಂಡರು. ಸತ್ತವರನ್ನೂ ನಂಬದೆ ಬದುಕಿದ ಸುಯಮೀಂದ್ರರಾಯರು ಆ ಸಿಟ್ಟನ್ನು ಮಧ್ಯಾಹ್ನವೆಲ್ಲ ಎದುರಿಗೆ ನಿಂತು ನೋಡಿ, ಒಂದು ಕ್ಷಣವೂ ಅನುಮಾನ ಪಟ್ಟಿರಲಿಲ್ಲ. ಕಾರು ಓಣಿ ದಾಟಿ ಮಠದ ಕಡೆ ಮರೆಯಾಗುವವರೆಗೆ ಅವರು ಕೈಮುಗಿದುಕೊಂಡೇ ನಿಂತಿದ್ದರು.

ಕುಂಕುಮದ ಬಟ್ಟಲು ಹಿಡಿದು ತಡವಾಗಿ ಓಡಿಬಂದ ಪ್ರಿಯಂವದಾಬಾಯಿ, ಬೀಗಿತ್ತಿ ಅಷ್ಟು ಹೊತ್ತು ಕಿವಿಯಲ್ಲಿ ಏನು ಹೇಳಿದರು ಎಂದು ಕೇಳಿದರು.

"ಏನಿಲ್ಲ," ಎಂದರು ರಾಯರು. "ಸಾರು ಭಾಳ ಛಂದ ಆಗಿತ್ತು ಅಂದ್ರು."

ಪ್ರಿಯಂವದಾಬಾಯಿ ಗಂಡನ ಮುಖವನ್ನೇ ಬಹಳ ಹೊತ್ತು ನೋಡಿದರು. ಬೆಳಗಿನ ಗಡಿಬಿಡಿಯಲ್ಲಿ ಆ ದಿನ ಸಾರಿಗೆ ಉಪ್ಪೇ ಹಾಕಿರಲಿಲ್ಲ.